ರೇಡಾರ್ ಪರದೆಯ ಕಪ್ಪು ಜಾಗ ಖಾಲಿ ಜಾಗವೇ?

ಪ್ರಶ್ನೆ: ನಾನು ಜೆಟ್ ವಿಮಾನವೊಂದರಲ್ಲಿ ಹೊಸದಾಗಿ ಕೋ-ಪೈಲಟ್ ಆಗಿ ಸೇರಿದ್ದೇನೆ. ನಮ್ಮ ವಿಮಾನದ ಹವಾಮಾನ ರೇಡಾರ್ ಹಳೆಯ ಮಾದರಿಯದು, ಟಿಲ್ಟ್ ಅನ್ನು, ಅಂದರೆ ಆಂಟೆನಾ ಮೇಲೆ ಕೆಳಗೆ ನೋಡುವ ಕೋನವನ್ನು, ಕೈಯಿಂದಲೇ ತಿರುಗಿಸಬೇಕು. ಈಚೆಗೆ ಒಂದು ರಾತ್ರಿ 37,000 ಅಡಿಯಲ್ಲಿ ಹೋಗುತ್ತಿದ್ದಾಗ 80 ಮೈಲಿ ಮುಂದೆ ಕೆಂಪು, ಹಳದಿ ಬಣ್ಣದ ಮೋಡವೊಂದು ಕಾಣಿಸಿತು. ಕ್ಯಾಪ್ಟನ್ ಆಗಲೇ ದಾರಿ ಬದಲಿಸಿದರು. ಹತ್ತಿರವಾದಂತೆ ಕೆಂಪು ಹೋಗಿ ಹಳದಿಯಾಯಿತು, 25 ಮೈಲಿಗೆ ಬಂದಾಗ ಬರೀ ಹಸಿರು. ಮೋಡ ಕರಗುತ್ತಿದೆ, ಮೂಲ ದಾರಿಗೆ ಮರಳೋಣವೇ ಎಂದೆ. ಅವರು ಬೇಡ ಎಂದರು. ಇನ್ನೊಂದು ದಿನ ಕೆಳಗಿಳಿಯುವಾಗ ಎರಡು ಕೆಂಪು ಮೋಡಗಳ ನಡುವೆ, ಹಿಂಬದಿಯವರೆಗೂ ಕಪ್ಪಾದ ಸಂದಿ ಇತ್ತು. ಟ್ಯಾಬ್ಲೆಟ್‌ಗೆ ಬರುವ ಹವಾಮಾನ ಚಿತ್ರದಲ್ಲೂ ಸಂದಿ ಕಾಣುತ್ತಿತ್ತು. ಅದರಲ್ಲೂ ಅವರು ಹೋಗಲಿಲ್ಲ, ದೂರದಿಂದ ಸುತ್ತು ಹಾಕಿದರು. ಪರದೆಯಲ್ಲಿ ಇಲ್ಲದ್ದಕ್ಕೆ ಹೆದರಬೇಕೇ? ಆಟೋ ಟಿಲ್ಟ್ ಇರುವ ಹೊಸ ರೇಡಾರ್‌ಗಳಲ್ಲಿ ಈ ತಲೆನೋವೇ ಇಲ್ಲವಂತೆ, ನಿಜವೇ?

ಉತ್ತರ: ಕ್ಯಾಪ್ಟನ್ ಅತಿಯಾಗಿ ಹೆದರುತ್ತಾರೋ, ತನಗೇ ರೇಡಾರ್ ಓದಲು ಬರುತ್ತಿಲ್ಲವೋ ಎಂಬ ಅನುಮಾನ ನಿಮ್ಮ ಪತ್ರದ ಉದ್ದಕ್ಕೂ ಇದೆ. ಮೊದಲೇ ಹೇಳಿಬಿಡುತ್ತೇನೆ, ಎರಡೂ ಸಲ ಅವರು ಮಾಡಿದ್ದು ಸರಿ. ಕಾರಣವನ್ನು ಅವರು ಬಿಡಿಸಿ ಹೇಳಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ, ಅಷ್ಟೇ. ತರಬೇತಿಗೆ ಬರುವ ಹೊಸಬರಲ್ಲಿ ಹೆಚ್ಚಿನವರು ನನ್ನನ್ನು ಕೇಳುವುದೂ ಇದನ್ನೇ. ಎಂಜಿನ್ ಕೆಟ್ಟರೆ ಏನು ಮಾಡಬೇಕೆಂದು ಗಂಟೆಗಟ್ಟಲೆ ಅಭ್ಯಾಸ ಮಾಡಿಸುತ್ತೇವೆ, ಪ್ರತಿ ಹಾರಾಟದಲ್ಲೂ ಕಣ್ಣೆದುರು ಇರುವ ಈ ಪರದೆಗೆ ಮಾತ್ರ ತರಬೇತಿಯಲ್ಲಿ ಸಿಗುವ ಸಮಯ ತೀರಾ ಕಡಿಮೆ. ಇದು ನನಗೆ ಬಹಳ ಬೇಸರದ ಸಂಗತಿ.

ರೇಡಾರ್‌ಗೆ ಮೋಡ ಕಾಣುವುದಿಲ್ಲ, ಮಳೆಹನಿ ಕಾಣುತ್ತದೆ. ಇಲ್ಲಿಂದ ಶುರು ಮಾಡಿದರೆ ಮುಂದಿನದೆಲ್ಲ ಸುಲಭ. ವಿಮಾನದ ಮೂತಿಯಲ್ಲಿರುವ ಆಂಟೆನಾ ಕಳಿಸುವ ಅಲೆಯ ಉದ್ದ ಸುಮಾರು 3.2 ಸೆಂಟಿಮೀಟರ್. ಅದು ಹನಿಗೆ ಬಡಿದು ಎಷ್ಟು ಮರಳುತ್ತದೆ ಎಂಬುದು ಹನಿಯ ವ್ಯಾಸದ ಆರನೇ ಘಾತವನ್ನು ಅವಲಂಬಿಸಿದೆ. ಹನಿಯ ವ್ಯಾಸ ಎರಡು ಪಟ್ಟಾದರೆ ಎಕೋ, ಅಂದರೆ ಮರಳಿ ಬರುವ ಅಲೆ, 64 ಪಟ್ಟು. ಹಾಗಾಗಿ ದಪ್ಪ ಹನಿಗಳ ಮಳೆ ಪರದೆಯಲ್ಲಿ ಎದ್ದು ಕಾಣುತ್ತದೆ, ಮೋಡವನ್ನೇ ಕಟ್ಟಿರುವ ಸೂಕ್ಷ್ಮ ಹನಿಗಳು ಕಾಣುವುದೇ ಇಲ್ಲ. ನೀರಿನ ಮೈಯಿಂದ ಮರಳುವ ಶಕ್ತಿಯ ಸುಮಾರು ಐದನೇ ಒಂದು ಪಾಲು ಮಾತ್ರ ಅದೇ ಗಾತ್ರದ ಮಂಜುಗಡ್ಡೆಯಿಂದ ಮರಳುತ್ತದೆ. ಒಣ ಹಿಮ, ಹಿಮದ ಹರಳು, ಒಣ ಆಲಿಕಲ್ಲು ಇವೆಲ್ಲ ದುರ್ಬಲವಾಗಿ ಕಾಣುತ್ತವೆ. ಮೈಮೇಲೆ ನೀರು ಹತ್ತಿದ ಆಲಿಕಲ್ಲಾದರೆ ಜೋರಾಗಿ ಹೊಳೆಯುತ್ತದೆ. ಮೋಡವೇ ಇಲ್ಲದ ಆಕಾಶದ ಕುಲುಕಾಟವನ್ನು ಈ ರೇಡಾರ್ ತೋರಿಸಲಾರದು.

ಬಣ್ಣಗಳೂ ಈ ಎಕೋದ ಬಲದ ಅಳತೆ, ಬೇರೇನಲ್ಲ. ಸಾಮಾನ್ಯವಾಗಿ 20ರಿಂದ 30 ಡಿಬಿಝಡ್ (ಎಕೋದ ಬಲ ಅಳೆಯುವ ಮಾನ) ಹಸಿರು, 30ರಿಂದ 40 ಹಳದಿ, 40ಕ್ಕಿಂತ ಮೇಲೆ ಕೆಂಪು. ಅದಕ್ಕಿಂತ ಕಡಿಮೆಯಾದದ್ದೆಲ್ಲ ಕಪ್ಪು. ಅಂದರೆ ಕಪ್ಪು ಕಂಡ ಕಡೆಯಿಂದ ಬಣ್ಣ ಹಚ್ಚುವಷ್ಟು ಎಕೋ ಬರಲಿಲ್ಲ ಎಂದಷ್ಟೇ ಅರ್ಥ. ಅಲ್ಲಿ ಏನೂ ಇಲ್ಲದಿರಬಹುದು, ಒಣ ಹರಳು ಇರಬಹುದು, ಕಿರಣ ಅಲ್ಲಿಗೆ ಬಿದ್ದೇ ಇಲ್ಲದಿರಬಹುದು, ಅಥವಾ ದಾರಿಯಲ್ಲೇ ಸೊರಗಿಹೋಗಿರಬಹುದು. ಈ ನಾಲ್ಕರಲ್ಲಿ ಯಾವುದು ಎಂದು ಬಿಡಿಸಿಕೊಳ್ಳುವ ಕೆಲಸ ನಮ್ಮದು. ಕೆನ್ನೇರಳೆ ಬಣ್ಣದಲ್ಲಿ ಕುಲುಕಾಟ ತೋರಿಸುವ ಸೌಲಭ್ಯ ನಿಮ್ಮಲ್ಲಿದ್ದರೂ ಅದು ಹನಿಗಳ ಚಲನೆಯನ್ನೇ ಅಳೆಯುವುದು. ಹನಿ ಇಲ್ಲದ ಕಡೆ ಅದೂ ಸುಮ್ಮನಿರುತ್ತದೆ, ಸಾಮಾನ್ಯವಾಗಿ 40 ಮೈಲಿಯಾಚೆ ಕೆಲಸವನ್ನೂ ಮಾಡುವುದಿಲ್ಲ.

ಈಗ ನಿಮ್ಮ ಮೊದಲ ಸಂದರ್ಭ. ದೊಡ್ಡ ಗುಡುಗು ಮೋಡದ ಒಳಗೆ ಎಲ್ಲ ಎತ್ತರದಲ್ಲೂ ಒಂದೇ ಥರದ ನೀರು ಇರುವುದಿಲ್ಲ. ಸೊನ್ನೆ ಡಿಗ್ರಿ ಮಟ್ಟದ ಕೆಳಗೆ ಮಳೆಹನಿ, ಆ ಮಟ್ಟದ ಆಸುಪಾಸಿನಲ್ಲಿ ಕರಗುತ್ತಿರುವ ಹಿಮ ಮತ್ತು ನೀರು ಹತ್ತಿದ ಆಲಿಕಲ್ಲು. ರೇಡಾರ್‌ಗೆ ಚೆನ್ನಾಗಿ ಸಿಗುವುದು ಈ ಭಾಗ. ಉಷ್ಣವಲಯದಲ್ಲಿ ಸೊನ್ನೆ ಡಿಗ್ರಿ ಮಟ್ಟ ಸುಮಾರು 16,000 ಅಡಿಯಲ್ಲಿರುತ್ತದೆ. ಅಲ್ಲಿಂದ ಮೇಲೇರಿದಂತೆ ನೀರು ಕಡಿಮೆಯಾಗುತ್ತದೆ, ನೆತ್ತಿಯ ಹತ್ತಿರ ಉಳಿಯುವುದು ಒಣ ಹರಳು. ಕುಲುಕಾಟಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕೆಳಗಿಂದ ನುಗ್ಗಿ ಬರುವ ಗಾಳಿ ನೆತ್ತಿಯವರೆಗೂ, ಒಮ್ಮೊಮ್ಮೆ ನೆತ್ತಿಯ ಮೇಲಕ್ಕೂ ಇರುತ್ತದೆ.

ಇದಕ್ಕೆ ಕಿರಣದ ಅಗಲವನ್ನು ಸೇರಿಸಿ. ಕಿರಣ ಟಾರ್ಚಿನ ಬೆಳಕಿನ ಹಾಗೆ, ದೂರ ಹೋದಷ್ಟೂ ಅಗಲವಾಗುತ್ತದೆ. ಪ್ರಯಾಣಿಕ ಜೆಟ್‌ಗಳ ಆಂಟೆನಾದಲ್ಲಿ ಅದರ ಅಗಲ ಸುಮಾರು ಮೂರರಿಂದ ಮೂರೂವರೆ ಡಿಗ್ರಿ. ಚಿಕ್ಕ ವಿಮಾನದ ಪುಟ್ಟ ಆಂಟೆನಾದಲ್ಲಿ ಎಂಟು, ಹತ್ತು ಡಿಗ್ರಿಯೂ ಇರಬಹುದು. ಬಾಯಿಲೆಕ್ಕ ಸುಲಭ: ಡಿಗ್ರಿಯನ್ನು ನಾಟಿಕಲ್ ಮೈಲಿಯಿಂದ (ಇಲ್ಲಿ ಮೈಲಿ ಎಂದಿರುವುದೆಲ್ಲ ಅದೇ) ಗುಣಿಸಿ, ನೂರರಿಂದ ಗುಣಿಸಿ, ಬಂದದ್ದು ಅಡಿ. ನಿಮ್ಮ ಟಿಲ್ಟ್ ಮೈನಸ್ 2ರಲ್ಲಿತ್ತು ಎಂದುಕೊಳ್ಳೋಣ. 80 ಮೈಲಿ ದೂರದಲ್ಲಿ ಕಿರಣದ ನಡುಭಾಗ ನಿಮಗಿಂತ 16,000 ಅಡಿ ಕೆಳಗೆ, ಅಂದರೆ 21,000 ಅಡಿಯಲ್ಲಿ. ಕಿರಣದ ಅಗಲ ಅಲ್ಲಿ 28,000 ಅಡಿ. ಹಾಗಾಗಿ ಅದು ಸುಮಾರು 7,000ದಿಂದ 35,000 ಅಡಿಯವರೆಗೆ ಮೋಡವನ್ನು ಸವರುತ್ತದೆ. ಭೂಮಿಯ ಬಾಗಿನಿಂದ ಇದು ಕೆಲವು ಸಾವಿರ ಅಡಿ ಆಚೀಚೆ ಆಗುತ್ತದೆ, ಆದರೂ ನೀರು ತುಂಬಿದ ಹೊಟ್ಟೆಭಾಗ ಕಿರಣದೊಳಗೇ ಇದೆ. ಅದಕ್ಕೇ ಕೆಂಪು ಕಂಡಿತು.

ಅದೇ ಟಿಲ್ಟ್ ಇಟ್ಟುಕೊಂಡು 25 ಮೈಲಿಗೆ ಬನ್ನಿ. ನಡುಭಾಗ ಈಗ 5,000 ಅಡಿಯಷ್ಟೇ ಕೆಳಗೆ, 32,000 ಅಡಿಯಲ್ಲಿ. ಅಗಲ ಒಂಬತ್ತು ಸಾವಿರ ಅಡಿಗೂ ಕಡಿಮೆ. ಕಿರಣ 27,500 ಅಡಿಯ ಮೇಲಿನ ಒಣ ಹರಳನ್ನು ಮಾತ್ರ ಮುಟ್ಟುತ್ತಿದೆ, ಹೊಟ್ಟೆಭಾಗ ಪೂರ್ತಿ ಅದರ ಕೆಳಗೆ ಉಳಿದುಬಿಟ್ಟಿತು. ಮೋಡ ಎಳ್ಳಷ್ಟೂ ಬದಲಾಗದೆ ಪರದೆಯ ಕೆಂಪು ಹಸಿರಾಗುವುದು ಹೀಗೆ. ಆಗ ಟಿಲ್ಟ್ ಅನ್ನು ಮೈನಸ್ 6.5ರ ಹತ್ತಿರಕ್ಕೆ ಇಳಿಸಿದ್ದರೆ ಕಿರಣದ ನಡುಭಾಗ 21,000 ಅಡಿಗೆ ಬರುತ್ತಿತ್ತು, ಕರಗಿತೆಂದು ನೀವು ತಿಳಿದ ಕೆಂಪು ಅಲ್ಲೇ ಇದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತಿತ್ತು. ನಿಜವಾಗಿ ಕರಗುವ ಮೋಡಗಳೂ ಇವೆ. ಆದರೆ ಸಮೀಪಿಸುವಾಗ ಬಣ್ಣ ತಿಳಿಯಾದರೆ ಮೊದಲು ಟಿಲ್ಟ್ ಇಳಿಸಿ ನೋಡಿ, ಆಮೇಲೆ ಮಾತಾಡಿ. ಕ್ರೂಸ್‌ನಲ್ಲಿ, ಅಂದರೆ ಒಂದೇ ಎತ್ತರದಲ್ಲಿ ಸಾಗುವಾಗ, ನಾನು ಹೊಸಬರಿಗೆ ಹೇಳಿಕೊಡುವ ರೂಢಿ ಒಂದಿದೆ. ಪರದೆಯ ತುದಿಯಲ್ಲಿ ನೆಲದ ಎಕೋ ಸ್ವಲ್ಪ ಕಾಣುವಷ್ಟು ಕೆಳಗೆ ಟಿಲ್ಟ್ ಇಡಬೇಕು, ರೇಂಜ್ (ಪರದೆ ತೋರಿಸುವ ದೂರ) ಬದಲಿಸಿದಾಗಲೆಲ್ಲ ಟಿಲ್ಟ್ ಕೂಡ ಬದಲಿಸಬೇಕು. ಸಮುದ್ರದ ಮೇಲೆ ನೆಲದ ಎಕೋ ಅಷ್ಟು ಚೆನ್ನಾಗಿ ಸಿಗುವುದಿಲ್ಲ, ಅಲ್ಲಿ ಲೆಕ್ಕವೇ ಗತಿ. ಸಮುದ್ರದ ಮೇಲಿನ ಗುಡುಗು ಮೋಡಗಳ ಮೇಲ್ಭಾಗ ಭೂಮಿಯ ಮೇಲಿನವುಗಳಿಗಿಂತ ಇನ್ನೂ ಮಂಕಾಗಿ ಕಾಣುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಟಿಲ್ಟ್ ಬಗ್ಗೆ ಇನ್ನೊಂದು ತಪ್ಪು ಕಲ್ಪನೆ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಸೊನ್ನೆ ಎಂದರೆ ವಿಮಾನದ ಮೂತಿ ನೋಡುವ ದಿಕ್ಕು ಎಂದು ಕೆಲವರು ತಿಳಿದಿರುತ್ತಾರೆ. ಆಂಟೆನಾವನ್ನು ದಿಗಂತಕ್ಕೆ ಹೊಂದಿಸಿ ನಿಲ್ಲಿಸಲಾಗಿರುತ್ತದೆ, ಮೂತಿ ಎತ್ತಿದರೂ ಇಳಿಸಿದರೂ ಸೊನ್ನೆ ಎಂದರೆ ಮಟ್ಟಸ. ಹಾಗಾಗಿ ಟೇಕಾಫ್ ಆಗಿ ಕಡಿದಾಗಿ ಏರುವಾಗ ಟಿಲ್ಟ್ ಸೊನ್ನೆಯಲ್ಲಿದ್ದರೆ ನೀವು ಹೋಗುತ್ತಿರುವ ದಾರಿಯ ಕೆಳಗನ್ನು ನೋಡುತ್ತಿರುತ್ತೀರಿ. ಏರುವಾಗ ಮೇಲಕ್ಕೆತ್ತಿ, ಎತ್ತರ ಹೆಚ್ಚಿದಂತೆ ನಿಧಾನವಾಗಿ ಇಳಿಸುತ್ತಾ ಬನ್ನಿ.

ಎಕೋವನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂದು ಹೇಳುವ ಗೇನ್ ಗುಂಡಿಯ ಮಾತು ಚಿಕ್ಕದು. ದಿನನಿತ್ಯ ಅದು ಆಟೋ ಸ್ಥಾನದಲ್ಲೇ ಇರಲಿ, ಬಣ್ಣಗಳ ಅಳತೆ ಸರಿಯಿರುವುದು ಆಗ ಮಾತ್ರ. ಎತ್ತರದಲ್ಲಿ ಹರಳು ತುಂಬಿದ ಮೋಡವನ್ನು ಹುಡುಕಲು ಹೆಚ್ಚಿಸಿ ನೋಡಬಹುದು. ಪರದೆಯೆಲ್ಲ ಕೆಂಪಾಗಿ ಏನೂ ತಿಳಿಯದಾದಾಗ ಕಡಿಮೆ ಮಾಡಿದರೆ ಕೊನೆಯವರೆಗೂ ಕೆಂಪಾಗೇ ಉಳಿಯುವುದು ಎಲ್ಲಕ್ಕಿಂತ ಬಲವಾದ ಮೋಡ. ನೋಡಿದ ಮೇಲೆ ಮತ್ತೆ ಆಟೋಗೆ ತನ್ನಿ. ತಗ್ಗಿಸಿದ ಗೇನ್ ಹಾಗೇ ಉಳಿದುಬಿಟ್ಟರೆ ಮುಂದಿನ ಒಂದು ಗಂಟೆ ಪರದೆ ನಿಮಗೆ ಸುಳ್ಳು ಹೇಳುತ್ತಿರುತ್ತದೆ.

ಎರಡು ಕೆಂಪಿನ ನಡುವಿನ ಸಂದಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ. ಮೂರು ಸೆಂಟಿಮೀಟರಿನ ಅಲೆಗೆ ಮಳೆಹನಿ ಚೆನ್ನಾಗಿ ಕಾಣುತ್ತದೆ, ಅದರ ಜೊತೆಗೇ ಒಂದು ಬೆಲೆಯನ್ನೂ ತೆರಬೇಕು. ಬಿರುಮಳೆ ಅದೇ ಅಲೆಯನ್ನು ಹೀರಿಯೂ ಬಿಡುತ್ತದೆ. ಮುಂದಿರುವ ಮಳೆ ಬಲವಾಗಿದ್ದರೆ ಅದರ ಹಿಂದಿನದನ್ನು ತೋರಿಸುವಷ್ಟು ಶಕ್ತಿ ಕಿರಣದಲ್ಲಿ ಉಳಿದಿರುವುದಿಲ್ಲ. ಆಗ ಕೆಂಪಿನ ಹಿಂದೆ ಕಪ್ಪು ನೆರಳು ಬೀಳುತ್ತದೆ. ನೋಡುವವರಿಗೆ ಅದು ತೆಳುವಾದ ಮಳೆಯ ಪಟ್ಟಿ, ಅದರಾಚೆ ತೆರೆದ ಆಕಾಶ ಎಂಬಂತೆ ಕಾಣುತ್ತದೆ. ಆ ನೆರಳಿನಲ್ಲೇ ಎಲ್ಲಕ್ಕಿಂತ ಕೆಟ್ಟ ಮೋಡ ಅಡಗಿರಬಹುದು.

ಇದು ಪುಸ್ತಕದ ಎಚ್ಚರಿಕೆ ಮಾತ್ರ ಅಲ್ಲ. 1977ರ ಏಪ್ರಿಲ್ 4ರಂದು ಅಮೆರಿಕದ ಜಾರ್ಜಿಯಾದಲ್ಲಿ ಸದರ್ನ್ ಏರ್‌ವೇಸ್‌ನ 242ನೇ ಹಾರಾಟದ ಡಿಸಿ-9 ಭೀಕರ ಗುಡುಗು ಮಳೆಯೊಳಗೆ ಹೊಕ್ಕಿತು. ನುಂಗಿದ ನೀರು ಮತ್ತು ಆಲಿಕಲ್ಲಿನಿಂದ ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಹೆದ್ದಾರಿಯ ಮೇಲೆ ಇಳಿಸಲು ಯತ್ನಿಸಿದರು. ನೆಲದ ಮೇಲಿದ್ದವರೂ ಸೇರಿ 72 ಜನ ಸತ್ತರು. ಗುಡುಗು ಮೋಡಗಳ ನಡುವೆ ನುಸುಳಲು ಕ್ಯಾಪ್ಟನ್ ವಿಮಾನದ ರೇಡಾರನ್ನು ನೆಚ್ಚಿಕೊಂಡದ್ದೂ ಅಪಘಾತಕ್ಕೆ ನೆರವಾದ ಕಾರಣಗಳಲ್ಲಿ ಒಂದೆಂದು ತನಿಖೆ ಹೇಳಿತು. 2002ರ ಜನವರಿ 16ರಂದು ಇಂಡೊನೇಷ್ಯಾದಲ್ಲಿ ಗರುಡ ಸಂಸ್ಥೆಯ 421ನೇ ಹಾರಾಟದ ಬೋಯಿಂಗ್ 737 ಕೆಳಗಿಳಿಯುವಾಗ, ಎಂಜಿನ್‌ಗಳು ಕಡಿಮೆ ಶಕ್ತಿಯಲ್ಲಿದ್ದಾಗಲೇ, ಬಿರುಮಳೆ ಮತ್ತು ಆಲಿಕಲ್ಲಿಗೆ ಸಿಕ್ಕಿತು. ಅಲ್ಲೂ ಎರಡು ಎಂಜಿನ್ ಆರಿದವು. ವಿಮಾನವನ್ನು ಬೆಂಗಾವನ್ ಸೋಲೊ ನದಿಯಲ್ಲಿ ಇಳಿಸಿದರು. ಒಬ್ಬ ಸಿಬ್ಬಂದಿ ಪ್ರಾಣ ಕಳೆದುಕೊಂಡರು, ಉಳಿದವರು ಬದುಕಿದರು. ಈ ಎರಡನ್ನೂ ಓದಿದವರು ಕೆಂಪಿನ ಹಿಂದಿನ ಕಪ್ಪನ್ನು ಬಾಗಿಲೆಂದು ನಂಬುವುದಿಲ್ಲ. ನಿಮ್ಮ ಕ್ಯಾಪ್ಟನ್ ಓದಿರಬೇಕು.

ನೆರಳು ಯಾವುದು, ನಿಜವಾದ ಖಾಲಿ ಯಾವುದು ಎಂದು ಪರೀಕ್ಷಿಸಲು ಒಂದು ಒಳ್ಳೆಯ ದಾರಿ ಇದೆ. ಟಿಲ್ಟ್ ಇಳಿಸಿ, ಸಂದೇಹ ಇರುವ ಕಪ್ಪು ಜಾಗದಲ್ಲಿ ನೆಲದ ಎಕೋ ಬರುತ್ತದೆಯೇ ನೋಡಿ. ಅಕ್ಕಪಕ್ಕದಲ್ಲೆಲ್ಲ ನೆಲ ಕಾಣುತ್ತಾ, ಮೋಡದ ನೇರ ಹಿಂದೆ ಮಾತ್ರ ಕಪ್ಪು ಪಟ್ಟೆ ಉಳಿದರೆ ಕಿರಣ ಆಚೆಗೆ ಹೋಗುತ್ತಿಲ್ಲ. ಅದನ್ನು ಪರದೆಯ ಮೇಲಿನ ಅತ್ಯಂತ ಅಪಾಯದ ಜಾಗವೆಂದೇ ಲೆಕ್ಕಕ್ಕೆ ಹಿಡಿಯಿರಿ. ಹೀಗೆ ಕಿರಣ ಸೊರಗಿದ ದಿಕ್ಕನ್ನು ಪರದೆಯ ಅಂಚಿನಲ್ಲಿ ಗೆರೆ ಎಳೆದು ತೋರಿಸುವ ರೇಡಾರ್‌ಗಳೂ ಇವೆ. ಮೋಡದ ಆಕಾರವೂ ಮಾತಾಡುತ್ತದೆ: ಕೊಕ್ಕೆ, ಬೆರಳು, ಕುದುರೆ ಲಾಳದ ಆಕಾರ, ಹಸಿರಿನಿಂದ ಕೆಂಪಿಗೆ ಒಂದೆರಡು ಮೈಲಿಯಲ್ಲೇ ಜಿಗಿತ. ಇವು ಆಲಿಕಲ್ಲು ಮತ್ತು ಬಲವಾದ ಗಾಳಿಯ ಗುರುತು, ಕೆಂಪು ಚಿಕ್ಕದಿದ್ದರೂ ಸರಿಯೇ.

ಒಣ ಹರಳಿನ ವಿಷಯದಲ್ಲಿ ಇಷ್ಟು ಹೇಳಲೇಬೇಕು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ 447ನೇ ಹಾರಾಟದ ಎ330 ವಿಮಾನದಲ್ಲಿ ಹರಳುಗಳು ವೇಗ ಅಳೆಯುವ ಪಿಟೋ ಕೊಳವೆಗಳನ್ನು ಮುಚ್ಚಿ ವೇಗದ ಮಾಹಿತಿ ತಪ್ಪಿತು. ಆಮೇಲಿನ ಗೊಂದಲದಲ್ಲಿ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಬಿದ್ದು 228 ಜನ ಸತ್ತರು. ಆ ದುರಂತಕ್ಕೆ ಬೇರೆ ಕಾರಣಗಳು ಹಲವು, ಅದೆಲ್ಲವನ್ನೂ ರೇಡಾರಿನ ತಲೆಗೆ ಕಟ್ಟಲಾಗದು. ಆದರೆ ಆ ಹರಳು ಹೆಚ್ಚಾಗಿ ರೇಡಾರಿಗೆ ಕಾಣುವ ಬಗೆಯದಲ್ಲ. ನೀವು ಹಾರುವ ಎತ್ತರದಲ್ಲಿ ಹಸಿರು ಅಥವಾ ಕಪ್ಪು, ಕೆಳಗೆ ಟಿಲ್ಟ್ ಇಳಿಸಿದರೆ ಕೆಂಪು ಇದ್ದರೆ ಹರಳಿನ ಅನುಮಾನ ಇಟ್ಟುಕೊಳ್ಳಿ. ಹೊರಗೆ ಮೈನಸ್ 40 ಡಿಗ್ರಿ ಇದ್ದರೂ ಗಾಜಿನ ಮೇಲೆ ಮಳೆ ಬಿದ್ದಂತೆ ಸದ್ದು, ಗಾಜಿನ ಅಂಚಿನಲ್ಲಿ ನೀಲಿ ಕಿಡಿಗಳ ಆಟ, ತಾಪಮಾನ ಮಾಪಕ ಸೊನ್ನೆಯ ಹತ್ತಿರ ಸಿಕ್ಕಿಹಾಕಿಕೊಳ್ಳುವುದು, ಇವೆಲ್ಲ ಅದರ ಕುರುಹು.

ಆಟೋ ಟಿಲ್ಟ್ ನಿಜಕ್ಕೂ ಒಳ್ಳೆಯ ಸುಧಾರಣೆ. ಹೊಸ ರೇಡಾರ್‌ಗಳು ಹಲವು ಕೋನಗಳಲ್ಲಿ ಸವರಿ, ನೆಲದ ಎಕೋವನ್ನು ತೆಗೆದು, ಒಟ್ಟು ಚಿತ್ರ ಕೊಡುತ್ತವೆ. ನಾನು ಮೇಲೆ ಹೇಳಿದ 25 ಮೈಲಿಯ ಬಲೆಗೆ ಬೀಳುವ ಸಂಭವ ಅವುಗಳಲ್ಲಿ ಬಹಳ ಕಡಿಮೆ. ಆದರೆ ಒಣ ಹರಳು ಅವಕ್ಕೂ ಮಂಕು, ಬಿರುಮಳೆ ಅವುಗಳ ಕಿರಣವನ್ನೂ ಹೀರುತ್ತದೆ. ಭೌತಶಾಸ್ತ್ರ ಅದೇ. ಆದ್ದರಿಂದ ಅಂಥ ವಿಮಾನಕ್ಕೆ ಹೋದ ಮೇಲೂ ಕೈಯಿಂದ ಟಿಲ್ಟ್ ನೋಡುವುದನ್ನು ಮರೆಯಬೇಡಿ. ನೋಡಿ ಮುಗಿದ ಮೇಲೆ ಆಟೋಗೆ ಮರಳಿಸುವುದನ್ನೂ ಮರೆಯಬೇಡಿ.

ಟ್ಯಾಬ್ಲೆಟ್‌ನ ಚಿತ್ರ ಇಡೀ ಪ್ರದೇಶದ ನೋಟಕ್ಕೆ ಒಳ್ಳೆಯದು. ನೂರಾರು ಮೈಲಿ ಮುಂಚೆ ಯಾವ ಬದಿಯಿಂದ ಸುತ್ತಬೇಕೆಂದು ಯೋಚಿಸಲು ನಾನೂ ಅದನ್ನೇ ನೋಡುತ್ತೇನೆ. ಸಂದಿ ಹುಡುಕಲು ಮಾತ್ರ ಅದನ್ನು ಬಳಸಬಾರದು. ಹಲವು ನೆಲದ ರೇಡಾರ್‌ಗಳ ಚಿತ್ರ ಜೋಡಿಸಿ ಕಳಿಸುವಷ್ಟರಲ್ಲಿ ಸಮಯ ಹೋಗಿರುತ್ತದೆ. ಪರದೆಯಲ್ಲಿ ಬರೆದಿರುವ ವಯಸ್ಸಿಗಿಂತ ಚಿತ್ರ 15ರಿಂದ 20 ನಿಮಿಷ ಹಳೆಯದಾಗಿರಲೂಬಹುದು ಎಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 2012ರಲ್ಲೇ ಎಚ್ಚರಿಸಿದೆ. 30 ನಾಟ್ (ಗಂಟೆಗೆ 30 ನಾಟಿಕಲ್ ಮೈಲಿ) ವೇಗದಲ್ಲಿ ಚಲಿಸುವ ಮೋಡ 20 ನಿಮಿಷದಲ್ಲಿ 10 ಮೈಲಿ ಸರಿಯುತ್ತದೆ. ನೀವು ನೋಡಿದ ಸಂದಿಯಲ್ಲಿ ಅಷ್ಟರೊಳಗೆ ಮೋಡವೇ ಬಂದು ಕೂತಿರಬಹುದು.

ಹಾಗಾದರೆ ಮಾಡುವುದೇನು? ಸುತ್ತಿಹೋಗುವುದು ಮೊದಲ ಆಯ್ಕೆ, ಅದೂ ಬೇಗ. ಬಲವಾದ ಎಕೋದಿಂದ ಕನಿಷ್ಠ 20 ಮೈಲಿ ದೂರ ಇರಿ ಎಂಬುದು ಬಹುಕಾಲದ ಮಾರ್ಗಸೂಚಿ. 80 ಮೈಲಿ ಮುಂಚೆ ತೀರ್ಮಾನಿಸಿದರೆ ಅದಕ್ಕೆ ಸುಮಾರು 15 ಡಿಗ್ರಿ ತಿರುಗಿದರೆ ಸಾಕು. 40 ಮೈಲಿಯಲ್ಲಿ 30 ಡಿಗ್ರಿ ಬೇಕು, 25 ಮೈಲಿಗೆ ಬಂದರೆ ಸುಮಾರು 53. ನಿಮಿಷಕ್ಕೆ 8 ಮೈಲಿ ಸಾಗುವ ವಿಮಾನದಲ್ಲಿ 40 ಮೈಲಿ ಎಂದರೆ ಐದೇ ನಿಮಿಷ, ಕಂಟ್ರೋಲರ್ ಜೊತೆ ಮಾತೂ ಅಷ್ಟರಲ್ಲೇ ಆಗಬೇಕು. 40 ಮೈಲಿಗೆ ಮುಂಚೆ ನಿರ್ಧಾರ ಮುಗಿದಿರಲಿ ಎನ್ನುವುದು ಇದಕ್ಕೇ. ಆದಷ್ಟೂ ಗಾಳಿ ಬೀಸಿ ಬರುವ ಬದಿಯಿಂದ ಸುತ್ತಿ. ಇನ್ನೊಂದು ಬದಿಯಲ್ಲಿ ಮೋಡದ ಚಾಚಿದ ತಲೆಯ ಕೆಳಗೆ ಆಲಿಕಲ್ಲು ಬೀಳುವುದುಂಟು, ಅಲ್ಲಿ ಪರದೆ ಕಪ್ಪಾಗಿದ್ದರೂ.

ಎರಡು ಮೋಡಗಳ ನಡುವೆ ಹೋಗಲೇಬೇಕೆಂದರೆ ಎರಡರಿಂದಲೂ 20 ಮೈಲಿ ಉಳಿಯುವಂತೆ 40 ಮೈಲಿ ಅಗಲ ಬೇಕು, ಆಚೆ ನೆಲದ ಎಕೋ ಕಾಣಬೇಕು. ಮೇಲಿಂದ ಹಾರಿಹೋಗುವುದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕನಿಷ್ಠ 5,000 ಅಡಿ ಅಂತರ ಬೇಕು, ರೇಡಾರ್ ತೋರಿಸುವ ನೆತ್ತಿ ನಿಜವಾದ ನೆತ್ತಿಗಿಂತ ಕೆಳಗಿರುತ್ತದೆ, ಬೆಳೆಯುತ್ತಿರುವ ಮೋಡ ನಿಮಗಿಂತ ವೇಗವಾಗಿ ಏರಬಲ್ಲದು. ಕೆಳಗೆ ನುಸುಳುವುದು ಇನ್ನೂ ಕೆಟ್ಟದ್ದು: ಕೆಳಮುಖ ಗಾಳಿ, ಆಲಿಕಲ್ಲು, ಮಿಂಚು ಎಲ್ಲ ಅಲ್ಲಿವೆ. ಎಲ್ಲ ಮೀರಿ ಒಳಗೆ ಸಿಕ್ಕಿಬಿದ್ದರೆ ಬೆಲ್ಟ್ ಬಿಗಿಯಿರಲಿ, ಕುಲುಕಾಟಕ್ಕೆ ಹೇಳಿದ ವೇಗ ಹಿಡಿಯಿರಿ, ಎಂಜಿನ್ ಆರದಂತೆ ಕಿಡಿ ಕೊಡುವ ಇಗ್ನಿಷನ್ ಮತ್ತು ಮಂಜುಗಡ್ಡೆ ಕಟ್ಟದಂತೆ ತಡೆಯುವ ಆಂಟಿ-ಐಸ್ ಹಾಕಿ, ಮಿಂಚಿಗೆ ಕಣ್ಣು ಕತ್ತಲಾಗದಂತೆ ಕಾಕ್‌ಪಿಟ್ ದೀಪ ಹೆಚ್ಚಿಸಿ. ಹಿಂದಕ್ಕೆ ತಿರುಗುವ ಆಸೆ ಬೇಡ, ನೇರ ಹೋದರೇ ಬೇಗ ಹೊರಬರುತ್ತೀರಿ.

ಕಂಟ್ರೋಲರ್‌ಗೆ ಬರೀ "ಹವಾಮಾನ ಸರಿಯಿಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಕಡೆಗೆ, ಎಷ್ಟು ಮೈಲಿ, ಎಷ್ಟು ದೂರದವರೆಗೆ ಎಂದು ಒಂದೇ ಉಸಿರಿನಲ್ಲಿ ಹೇಳಿ. ಅವರ ಪರದೆಯಲ್ಲಿ ನಿಮ್ಮ ಮೋಡ ಕಾಣದೇ ಇರಬಹುದು. ಅವರು ಮೊದಲ ಸಲ ಆಗದು ಎಂದರೆ ಇನ್ನೊಂದು ಬದಿ ಕೇಳಿ, ಅದೂ ಆಗದಿದ್ದರೆ ಎತ್ತರ ಬದಲಾವಣೆ ಅಥವಾ ಹಿಂದೆಯೇ ಸುತ್ತು ಹಾಕಲು ಅನುಮತಿ ಕೇಳಿ. ಇಷ್ಟಕ್ಕೆಲ್ಲ ಸಮಯ ಸಿಗುವುದು 80 ಮೈಲಿಯಲ್ಲಿ ಮಾತು ಶುರುಮಾಡಿದವರಿಗೆ.

ಮುಂದಿನ ಹಾರಾಟಗಳಲ್ಲಿ ಆಕಾಶ ಶುಭ್ರವಾಗಿದ್ದಾಗ, ಕ್ಯಾಪ್ಟನ್‌ರನ್ನು ಕೇಳಿಕೊಂಡು, ಟಿಲ್ಟ್ ಅನ್ನು ನಿಧಾನವಾಗಿ ಇಳಿಸಿ 40, 80, 160 ಮೈಲಿ ರೇಂಜ್‌ಗಳಲ್ಲಿ ನೆಲದ ಎಕೋ ಯಾವ ಡಿಗ್ರಿಗೆ ಪರದೆಯ ತುದಿಗೆ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಆ ದಿನ ಯಾಕೆ 25 ಮೈಲಿಯಲ್ಲೂ ಮರಳಲಿಲ್ಲ ಎಂದು ಅವರನ್ನೇ ಕೇಳಿ, ಅವರು ಯಾವ ಟಿಲ್ಟ್‌ನಲ್ಲಿ ಏನು ನೋಡಿದ್ದರು ಎಂಬುದನ್ನೂ ಕೇಳಿ. ಅಷ್ಟು ತಾಳ್ಮೆಯಿಂದ ಮೋಡ ಸುತ್ತಿದವರಿಗೆ ಈ ಪ್ರಶ್ನೆ ಇಷ್ಟವೇ ಆಗುತ್ತದೆ.